ಗರಡಿಯ ಸುರಿಯ: ತುಳುನಾಡಿನ ವೀರನರ್ತನ

ಮೈಸೂರು ಬೆಂಗಳೂರುಗಳ ಕೇಳುಗರಿಗೆ ಗರಡಿಯೆಂದೊಡನೆ ಕೆಮ್ಮಣ್ಣಿನ ಮಟ್ಟಿಯೂ, ಲಂಗೋಟಿ ಬಿಗಿದ ಪೈಲವಾನರೂ, ಗೋಡೆಯ ಮೇಲಣ ಹನುಮಂತನ ಪಟವೂ ಕಣ್ಣಿಗೆ ಕಟ್ಟುವುದು ಸಹಜ. ಅದೇ ಕೇಳುಗರು ಚಾರ್ಮಾಡಿ ಘಾಟಿಯನ್ನಿಳಿದು ಬೆಳ್ತಂಗಡಿಯ ಸೀಮೆಯನ್ನು ಹೊಕ್ಕು, ಇಲ್ಲಿ ಗರಡಿಯೆಲ್ಲಿದೆಯೆಂದು ಯಾರನ್ನಾದರೂ ವಿಚಾರಿಸಿದರೆ, ಅವರು ತೋರಿಸುವುದು ಬೇರೊಂದನ್ನು. ಅಲ್ಲಿ ಮಟ್ಟಿಯಿಲ್ಲ, ಜಟ್ಟಿಗಳಿಲ್ಲ. ಹೆಂಚು ಹೊದಿಸಿದ ಒಂದು ಗುಡಿ, ಎದುರಿಗೆ ವಿಶಾಲವಾದ ಅಂಗಳ, ಒಳಗೆ ದೀಪ, ದೀಪದ ಬೆಳಕಿನಲ್ಲಿ ಮಿನುಗುವ ಆಯುಧಗಳು. ಊರವರು ಹೊರಗೆ ನಿಂತು ಕೈಮುಗಿದು ಹೋಗುವರು. ವರ್ಷಕ್ಕೊಮ್ಮೆ ಅಥವಾ ಕೆಲವು ವರ್ಷಗಳಿಗೊಮ್ಮೆ ಅಲ್ಲಿ ನೇಮವು ನಡೆಯುವುದು. ಆ ರಾತ್ರಿ ಆ ಆಯುಧಗಳು ಹೊರಬಂದು ನರ್ತಿಸುವ ಕೈಗಳನ್ನು ಸೇರುವುವು.

ವ್ಯಾಯಾಮಶಾಲೆಯ ಹೆಸರನ್ನು ಈ ಗುಡಿಯು ಹೊತ್ತುದು ಹೇಗೆ? ಯುದ್ಧದ ಸಾಮು ನೃತ್ಯವಾದುದು ಹೇಗೆ? ಇವೇ ನಮ್ಮ ಇಂದಿನ ವಿಷಯ.

ಮೊದಲು ಶಬ್ದವನ್ನು ನೋಡೋಣ. ಕನ್ನಡದಲ್ಲಿ ಗರಡಿ ಅಥವಾ ಗರುಡಿ, ತುಳುವಿನಲ್ಲಿ ಗರೊಡಿ, ತೆಲುಗಿನಲ್ಲಿ ಗರಿಡಿ: ಮೂರಕ್ಕೂ ಮೂಲಾರ್ಥ ಒಂದೇ, ಆಯುಧವಿದ್ಯೆಯನ್ನು ಕಲಿಸುವ ಸ್ಥಳ. ಹೀಗಿರಲಾಗಿ ತುಳುನಾಡಿನ ಗರಡಿಯೂ ಒಂದು ಕಾಲಕ್ಕೆ ಕತ್ತಿವರಸೆಯ ಶಾಲೆಯೇ ಆಗಿದ್ದಿತೆಂದು ಊಹಿಸಲು ಭಾಷೆಯೇ ಸಾಕ್ಷಿಯಾಗಿದೆ. ಗರಡಿಯ ಮುಖ್ಯಾಯುಧವಾದ ಸುರಿಯವೂ ನಮಗೆ ಅಪರಿಚಿತವಲ್ಲ. ಹಳಗನ್ನಡ ಕಾವ್ಯಗಳನ್ನೋದಿದವರು ಅದನ್ನು ಸುರಿಗೆಯೆಂದು ಬಲ್ಲರು. ಅದು ದೂರದಿಂದ ಬೀಸುವ ಆಯುಧವಲ್ಲ. ಶತ್ರುವಿನ ಉಸಿರು ತಾಗುವಷ್ಟು ಹತ್ತಿರದಲ್ಲಿ ಬಳಸತಕ್ಕದ್ದು.

ಇನ್ನೊಂದು ಶಬ್ದ ಅಂಕ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದದ ಜೊತೆಗೆ ಅಂಕವಿನೋದವೆಂಬ ಪ್ರಕರಣವೂ ಉಂಟು. ಅಂಕವೆಂದರೆ ಇಬ್ಬರು ಆಯುಧಪಾಣಿಗಳು ಜನರ ಮುಂದೆ ನಡೆಸುವ ದ್ವಂದ್ವಯುದ್ಧ. ಕೇರಳದಲ್ಲಿ ಅದು ಅಂಕವೆಂಬ ಹೆಸರಿನಿಂದಲೇ ಹಾಡುಗಬ್ಬಗಳಲ್ಲಿ ಉಳಿದಿದೆ. ತುಳುನಾಡಿನಲ್ಲಿ ಮನುಷ್ಯರ ಅಂಕ ಎಂದೋ ನಿಂತಿತು. ಹೆಸರು ಮಾತ್ರ ಕೋಳಿಗಳ ಪಾಲಾಗಿ, ಕೋಳಿಯಂಕವೆಂದು ಉಳಿದುಕೊಂಡಿದೆ. ಶಬ್ದಗಳಿಗೂ ಇಂಥ ಪದಚ್ಯುತಿ ಉಂಟಾಗುವುದು!

ಈ ವಿದ್ಯೆಯನ್ನು ಪೋಷಿಸಿದವರು ಯಾರು? ಇಂದಿನ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಕ್ಷೆಯನ್ನು ಮುಂದಿಟ್ಟುಕೊಂಡರೆ ಉತ್ತರವು ತಾನಾಗಿ ದೊರೆಯುವುದು. ಈ ಮೂರು ಸೀಮೆಗಳನ್ನು ಒಬ್ಬ ಅರಸನು ಆಳಲಿಲ್ಲ. ಬಂಗಾಡಿಯಲ್ಲಿಯೂ ಬಳಿಕ ನೇತ್ರಾವತಿಯ ದಡದ ನಂದಾವರದಲ್ಲಿಯೂ ಬಂಗರಸರು, ಪುತ್ತಿಗೆಯಲ್ಲಿಯೂ ಕಡೆಗೆ ಮೂಡುಬಿದಿರೆಯಲ್ಲಿಯೂ ಚೌಟರು, ವೇಣೂರಿನಲ್ಲಿ ಅಜಿಲರು, ವಿಟ್ಲದಲ್ಲಿ ಡೊಂಬ ಹೆಗ್ಗಡೆಗಳು. ಇವರ ಕೆಳಗೆ ಮಾಗಣೆಗೊಬ್ಬ ಬಲ್ಲಾಳ, ಊರಿಗೊಂದು ಗುತ್ತಿನ ಮನೆ. ಮೇಲೆ ವಿಜಯನಗರದ ಚಕ್ರವರ್ತಿಗಳೂ ಅನಂತರ ಕೆಳದಿಯ ನಾಯಕರೂ ಕಪ್ಪವನ್ನು ಕೊಂಡರೇ ಹೊರತು, ಗದ್ದೆಗದ್ದೆಯ ಗಡಿಯ ಜಗಳವನ್ನು ತೀರಿಸಲು ಬರಲಿಲ್ಲ. ಇಷ್ಟು ಸಣ್ಣ ರಾಜ್ಯಗಳಲ್ಲಿ ವರ್ಷವೆಲ್ಲ ಸಂಬಳ ತಿನ್ನುವ ದಂಡನ್ನು ಸಾಕುವ ಶಕ್ತಿ ಯಾರಿಗಿದ್ದೀತು? ಮಳೆಗಾಲದಲ್ಲಿ ಉತ್ತು ಬಿತ್ತುವ ಒಕ್ಕಲೇ ಬೇಸಗೆಯಲ್ಲಿ ಬಿಲ್ಲು ಸುರಿಯಗಳನ್ನು ಹಿಡಿಯಬೇಕಾಗಿದ್ದಿತು. ಗರಡಿಯು ಆ ಒಕ್ಕಲುಪಡೆಯ ಶಾಲೆಯೆಂದು ನಾವು ತಿಳಿಯುತ್ತೇವೆ. ಬಿಲ್ಲವರೆಂಬ ಸಮುದಾಯದ ಹೆಸರನ್ನು ಬಿಲ್ಲಿನಿಂದಲೇ ಬಂದುದೆಂದು ಅನೇಕರು ವಿವರಿಸುವರು.

ಅರಸರೂ ಆ ವಿದ್ಯೆಯನ್ನು ಕೀಳಾಗಿ ಕಾಣುತ್ತಿರಲಿಲ್ಲ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ ಪ್ರವಾಸಿ ಪೇಯಸನು ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ದೊರೆಯು ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆಯನ್ನು ಕುಡಿದು, ಮೈಗೂ ಅದನ್ನೇ ಬಳಿಸಿಕೊಂಡು, ಭಾರವನ್ನೆತ್ತಿ, ಆ ಎಣ್ಣೆಯೆಲ್ಲ ಬೆವರಾಗಿ ಹೊರಬೀಳುವವರೆಗೆ ಕತ್ತಿಯ ಸಾಧನೆ ಮಾಡಿ, ಬಳಿಕ ತನ್ನ ಜಟ್ಟಿಗಳಲ್ಲೊಬ್ಬನೊಡನೆ ಕುಸ್ತಿಗೆ ಇಳಿಯುತ್ತಿದ್ದನಂತೆ. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ, ಮೊದಲ ರಕ್ತದ ಹನಿ ಕಂಡೊಡನೆ ನಿಲ್ಲುವ ವಜ್ರಮುಷ್ಟಿ ಕಾಳಗವು ಅದೇ ಸಂಪ್ರದಾಯದ ಕುಡಿ. ಮೈಸೂರಿನವರಾದ ನಮಗೆ ಅದರ ಹೆಮ್ಮೆಯುಂಟು. ಆದರೆ ಅರಮನೆಯ ಕಾಳಗವು ಅರಸನ ಮುಂದೆ ನಡೆಯತಕ್ಕದ್ದು. ತುಳುನಾಡಿನ ಗರಡಿಯಲ್ಲಿ ಊರಿನ ಯಜಮಾನನೇ ವೀರನ ಮುಂದೆ ಕೈಕಟ್ಟಿ ನಿಲ್ಲುವನು. ಇದರ ಕಾರಣವನ್ನು ತಿಳಿಯಬೇಕಾದರೆ ಆ ವೀರರ ಕಥೆಯನ್ನು ಕೇಳಬೇಕು.

ಗರಡಿಗಳಲ್ಲಿ ಮುಖ್ಯ ದೈವ ಬೆರ್ಮೆರ್, ಕುದುರೆಯೇರಿದ ವೀರಮೂರ್ತಿ. ಜೈನ ಬಸದಿಗಳ ಮುಂದಣ ಕಂಬಗಳಲ್ಲಿ ಕಾಣುವ ಬ್ರಹ್ಮಯಕ್ಷನಿಗೂ ಈತನಿಗೂ ಇರುವ ಹೋಲಿಕೆ ವಿದ್ವಾಂಸರ ಗಮನವನ್ನು ಸೆಳೆದಿದೆ. ಬೆರ್ಮೆರ ಜೊತೆಗೆ ಪೂಜೆಗೊಳ್ಳುವವರು ಕೋಟಿ ಮತ್ತು ಚೆನ್ನಯರೆಂಬ ಅವಳಿ ಸಹೋದರರು. ಜನರು ಗೌರವದಿಂದ ಅವರನ್ನು ಬೈದೆರ್ಕಳೆನ್ನುವರು. ಅವರ ಕಥೆಯನ್ನು ಹೇಳುವುದು ತುಳುವಿನ ಪಾಡ್ದನ. ಬಾಯಿಂದ ಬಾಯಿಗೆ ಬಂದ ಹಾಡಾದ್ದರಿಂದ ಊರಿಗೊಂದು ಪಾಠವುಂಟು. ಪಾಡ್ದನವು ಇಸವಿಯನ್ನು ಹೇಳುವುದಿಲ್ಲ, ಗದ್ದೆಯ ಹೆಸರನ್ನು ಮರೆಯುವುದಿಲ್ಲ. ಕಥೆಯ ಸಾರ ಹೀಗಿದೆ.

ಪುತ್ತೂರಿನ ಕಡೆಯ ಪಡುಮಲೆಯಲ್ಲಿ ಪೆರುಮಾಳ ಬಲ್ಲಾಳನ ಕಾಲಿಗೆ ಮುಳ್ಳು ಚುಚ್ಚಿ ಗಾಯವು ಕೀವುಗಟ್ಟಿತು. ಯಾರ ಮದ್ದಿಗೂ ಬಗ್ಗದ ಆ ಹುಣ್ಣನ್ನು ದೇಯಿ ಬೈದೆತಿಯೆಂಬ ಬಿಲ್ಲವರ ಮನೆಯ ಹೆಂಗಸು, ತುಂಬು ಬಸುರಿಯಾಗಿದ್ದವಳು, ವಾಸಿಮಾಡಿದಳು. ಬಲ್ಲಾಳನು ಅವಳಿಗೂ ಅವಳ ಹೊಟ್ಟೆಯ ಮಕ್ಕಳಿಗೂ ಉಡುಗೊರೆಯ ಮಾತನ್ನು ಕೊಟ್ಟನು. ಅವಳಿಗಳು ಹುಟ್ಟಿದರು; ತಾಯಿ ತೀರಿಕೊಂಡಳು. ಸಾಯನ ಬೈದ್ಯನೆಂಬ ಸೋದರಮಾವನು ಮಕ್ಕಳನ್ನು ಸಾಕಿದನು. ಚೆಂಡಾಟದಲ್ಲಿ ಅವರಿಗೂ ಬಲ್ಲಾಳನ ಮಂತ್ರಿಯಾದ ಬುದ್ಧಿವಂತನ ಮಕ್ಕಳಿಗೂ ಜಗಳವಾಯಿತು. ಬೆಳೆದ ಮೇಲೆ ಅದೇ ಬುದ್ಧಿವಂತನೊಡನೆ ಕಂಬಳದ ಗದ್ದೆಯ ವಿಷಯದಲ್ಲಿಯೂ ನೀರಿನ ವಿಷಯದಲ್ಲಿಯೂ ಜಗಳ ಬೆಳೆದು, ಅವನು ಇವರ ಕೈಯಿಂದ ಸತ್ತನು. ಸಹೋದರರು ಬಲ್ಲಾಳನ ಮುಂದೆ ನಿಂತು, ತಾಯಿಗೆ ಕೊಟ್ಟ ಮಾತಿನಂತೆ ತಮಗೆ ಬರತಕ್ಕದ್ದನ್ನು ಕೇಳಿದರು. ಅವರು ಕೇಳಿದುದು ಚಿನ್ನವನ್ನಲ್ಲ, ಭೂಮಿಯನ್ನು. ಬಲ್ಲಾಳನು ಕೊಡಲಿಲ್ಲ. ಅಲ್ಲಿಂದ ಅವರು ದೇಶಾಂತರ ಹೊರಟು ಪಂಜಕ್ಕೆ ಹೋಗಿ ಅಕ್ಕ ಕಿನ್ನಿದಾರುವನ್ನು ಕಂಡು, ಅಲ್ಲಿ ಸೆರೆಗೆ ಬಿದ್ದು, ತಪ್ಪಿಸಿಕೊಂಡು, ಕೊನೆಗೆ ಎಣ್ಮೂರಿನ ಬಲ್ಲಾಳನ ಆಶ್ರಯಕ್ಕೆ ಬಂದರು. ಮುಂದೆ ನಡೆದ ಯುದ್ಧದಲ್ಲಿ ಎಣ್ಮೂರಿನ ಪರವಾಗಿ ಹೋರಿದ ಕೋಟಿಗೆ ಬಾಣವು ತಗುಲಿತು. ಅಣ್ಣನು ಸತ್ತುದನ್ನು ಕಂಡ ಚೆನ್ನಯನು ತಲೆಯನ್ನು ಬಂಡೆಗೆ ಅಪ್ಪಳಿಸಿಕೊಂಡು ಪ್ರಾಣಬಿಟ್ಟನು.

ಪಡುಮಲೆ, ಪಂಜ, ಎಣ್ಮೂರುಗಳು ನಾವು ಹೇಳುತ್ತಿರುವ ಮೂರು ಸೀಮೆಗಳಿಗೆ ದಕ್ಷಿಣದಲ್ಲಿ, ಪುತ್ತೂರು ಸುಳ್ಯಗಳ ಕಡೆಗೆ ಇರುವ ಊರುಗಳು. ಆದರೂ ಕಥೆಯು ಅಲ್ಲಿಯೇ ನಿಲ್ಲಲಿಲ್ಲ. ಅರುವತ್ತಾರು ಗರಡಿ, ಮೂವತ್ತಮೂರು ತಾವು ಎಂಬುದು ರೂಢಿಯ ಲೆಕ್ಕ; ಇಂದು ಎಣಿಸಹೊರಟರೆ ಗರಡಿಗಳು ಅದಕ್ಕಿಂತ ಬಹಳ ಹೆಚ್ಚು. ಬಂಟ್ವಾಳದ ಹೊಳೆಯ ದಡದಿಂದ ಬೆಳ್ತಂಗಡಿಯ ಕಾಡಿನ ಅಂಚಿನವರೆಗೆ ಎಲ್ಲೆಲ್ಲಿ ಉಳುವವನಿಗೂ ಒಡೆಯನಿಗೂ ಗದ್ದೆಯ ಮಾತು ಬಂದಿದ್ದಿತೋ ಅಲ್ಲೆಲ್ಲ ಈ ಕಥೆಗೆ ಕಿವಿಯಿದ್ದಿತು.

ಇನ್ನು ನೇಮದ ವಿಷಯ. ಭಂಡಾರವೆಂದರೆ ದೈವದ ಆಯುಧ ಆಭರಣಗಳು. ಅವು ಇಟ್ಟ ಮನೆಯಿಂದ ವಾದ್ಯಗಳೊಡನೆ ಅಂಗಳಕ್ಕೆ ಬರುವುವು. ದೈವದ ವೇಷವನ್ನು ಧರಿಸತಕ್ಕವರು ನಲಿಕೆ, ಪಂಬದ, ಪರವರೆಂಬ ಸಮುದಾಯಗಳವರು. ನೇಮದ ಯಜಮಾನರು ವೇಷಧಾರಿಗೆ ಎಣ್ಣೆಯನ್ನೂ ವೀಳ್ಯವನ್ನೂ ಕೊಟ್ಟು ಅನುಮತಿ ನೀಡುವರು, ಇದನ್ನು ಎಣ್ಣೆಬೂಳ್ಯವೆನ್ನುವರು. ಅವನು ಮಿಂದು ಬಂದು, ಮುಖಕ್ಕೆ ಅರದಾಳದ ಹಳದಿಯನ್ನು ಬಳಿದುಕೊಳ್ಳುವಾಗ, ಅವನ ಮನೆಯ ಹೆಂಗಸೊಬ್ಬಳು ತೆಂಬರೆಯನ್ನು ಬಾರಿಸುತ್ತ ಪಾಡ್ದನವನ್ನು ಹಾಡುವಳು. ಹಾಡು ಮುಂದುವರಿದಂತೆ ಮನುಷ್ಯನು ಹಿಂದೆ ಸರಿದು ದೈವವು ಮುಂದೆ ಬರುವುದೆಂದು ನೋಡುವವರ ನಂಬಿಕೆ. ಕಾಲಿಗೆ ಗಗ್ಗರವನ್ನು ಕಟ್ಟಿದ ಮೇಲೆ ಅವನನ್ನು ಯಾರೂ ಹೆಸರಿಡಿದು ಕರೆಯರು.

ಬೈದೆರ್ಕಳ ನೇಮದ ವಿಶೇಷವೆಂದರೆ ಜೋಡಿ. ಬೇರೆ ದೈವಗಳು ಒಂಟಿಯಾಗಿ ಕುಣಿಯುವಲ್ಲಿ ಇಲ್ಲಿ ಇಬ್ಬರು. ಒಬ್ಬನ ಹೆಜ್ಜೆಗೆ ಇನ್ನೊಬ್ಬನ ಹೆಜ್ಜೆ ಉತ್ತರ ಕೊಡುವುದು. ಮುಂದೆ ನುಗ್ಗುವುದು, ತಟ್ಟನೆ ಹಿಂದೆ ಸರಿಯುವುದು, ಮೊಣಕಾಲು ಬಾಗಿಸಿ ಮೈಯನ್ನು ತಗ್ಗಿಸುವುದು, ಒಂದೇ ಸುತ್ತಿನಲ್ಲಿ ಹಿಂತಿರುಗಿ ಬೆನ್ನನ್ನು ಕಾಯುವುದು: ಈ ಚಲನೆಗಳಲ್ಲಿ ಶೃಂಗಾರದ ಸುಳಿವಿಲ್ಲ, ಅಭಿನಯದ ಕುಸುರಿಯಿಲ್ಲ. ನಗರದ ರಂಗಮಂದಿರದಲ್ಲಿ ಭರತನಾಟ್ಯವನ್ನು ಕಂಡ ಕಣ್ಣಿಗೆ ಇದು ಮೊದಲು ಒರಟಾಗಿ ತೋರಬಹುದು. ಆದರೆ ಸುರಿಯದಷ್ಟು ಗಿಡ್ಡದಾದ ಆಯುಧವನ್ನು ಹಿಡಿದವನು ಬದುಕಿ ಉಳಿಯಬೇಕಾದರೆ ಕಾಲನ್ನು ಹೇಗಿಡಬೇಕೋ ಹಾಗೆಯೇ ಇಲ್ಲಿ ಕಾಲು ಬೀಳುತ್ತದೆ. ನೃತ್ಯಕ್ಕಾಗಿ ಕಟ್ಟಿದ ಹೆಜ್ಜೆಗಳಲ್ಲ ಇವು. ಸಾಮಿನ ಹೆಜ್ಜೆಗಳು ತಾಳಕ್ಕೆ ಬಿದ್ದು ನೃತ್ಯವಾಗಿವೆ.

ಎಲ್ಲಕ್ಕಿಂತ ಮೈನವಿರೇಳಿಸುವ ಘಟ್ಟವು ಗರಡಿಯ ಪೂಜಾರಿಗೆ ದರ್ಶನ ಬಂದಾಗಿನದು. ಈತನು ವೇಷಧಾರಿಯಲ್ಲ, ಬಿಲ್ಲವರ ಮನೆತನದವನು. ಮೈ ನಡುಗುತ್ತ ಸುರಿಯವನ್ನು ಹಿಡಿದು, ಅದರ ಮೊನೆಯನ್ನು ತನ್ನ ಹೊಟ್ಟೆಗೇ ಒತ್ತಿಕೊಳ್ಳುವನು. ಶತ್ರುವಿಗೆಂದು ಮಾಡಿದ ಆಯುಧವು ತನ್ನ ಕಡೆಗೇ ತಿರುಗುವುದು.

ಇದನ್ನು ಕೇಳಿ ನಮ್ಮ ಕೇಳುಗರಲ್ಲಿ ಕೆಲವರಿಗೆ ಹಳೇಬೀಡಿನ ನೆನಪಾಗಬಹುದು. ಹೊಯ್ಸಳೇಶ್ವರ ದೇವಾಲಯದ ಬಳಿ ಇರುವ ಗರುಡಗಂಬದಲ್ಲಿ, ಇಮ್ಮಡಿ ಬಲ್ಲಾಳನ ದಂಡನಾಯಕನಾಗಿದ್ದ ಕುವರ ಲಕ್ಷ್ಮನೂ ಅವನ ಸಂಗಡಿಗರೂ ಒಡೆಯನೊಡನೆ ಪ್ರಾಣವನ್ನೊಪ್ಪಿಸಿದುದು ಶಾಸನದಲ್ಲಿಯೂ, ತಮ್ಮನ್ನು ತಾವೇ ಕಡಿದುಕೊಳ್ಳುವ ವೀರರ ಶಿಲ್ಪಗಳಲ್ಲಿಯೂ ಉಳಿದಿದೆ. ಕನ್ನಡನಾಡಿನ ವೀರಧರ್ಮವು ಸ್ವಾಮಿನಿಷ್ಠೆಯನ್ನು ಹೀಗೆ ಕೊಂಡಾಡಿತು. ತುಳುನಾಡೂ ಅದಕ್ಕೆ ಹೊರತಾಗಿರಲಿಲ್ಲ; ಉದ್ಯಾವರದಲ್ಲಿ ಸುಮಾರು ಎಂಟನೆಯ ಶತಮಾನದ ಆಳುಪರ ದಾಯಾದಿ ಯುದ್ಧದಲ್ಲಿ ಬಿದ್ದ ಭಟರ ಶಾಸನಗಳು ಹಳಗನ್ನಡದಲ್ಲಿಯೇ ಇವೆ. ಅಲ್ಲೆಲ್ಲ ಕಲ್ಲನ್ನು ನಿಲ್ಲಿಸಿದುದು ಒಡೆಯನಿಗಾಗಿ ಸತ್ತವನಿಗೆ. ಗರಡಿಯಲ್ಲಿ ದೀಪ ಹಚ್ಚಿರುವುದಾದರೋ ಒಡೆಯನಿಂದ ವಂಚಿತರಾದವರಿಗೆ. ಕೋಟಿ ಚೆನ್ನಯರು ಎಣ್ಮೂರಿನ ಉಪ್ಪಿನ ಋಣಕ್ಕಾಗಿ ಹೋರಾಡಿದರೆಂಬುದು ನಿಜ. ಆದರೆ ಜನರು ಮರೆಯದೆ ಹಾಡುವುದು ಪಡುಮಲೆಯಲ್ಲಿ ಮುರಿದುಬಿದ್ದ ಮಾತನ್ನು. ಈ ನೃತ್ಯದ ಹೆಜ್ಜೆಯು ಅರಸರ ಪಡೆಯಿಂದ ಬಂದುದಾದರೂ, ಅದರ ಸ್ಮೃತಿಯು ಕೂಲಿ ಸಿಗದ ಭಟನದು. ನೇಮದಲ್ಲಿ ದೈವವು ನುಡಿಕೊಡುವಾಗ ಗುತ್ತಿನ ಯಜಮಾನನನ್ನು ಹತ್ತಿರ ಕರೆದು, ಊರಿನ ಹಿತವನ್ನು ಕುರಿತು ಪ್ರಶ್ನಿಸುವುದುಂಟು. ಹಗಲಿನಲ್ಲಿ ಅಂಥ ಪ್ರಶ್ನೆಯನ್ನು ಕೇಳುವ ಧೈರ್ಯ ಎಷ್ಟು ಮಂದಿಗಿದ್ದಿತು?

ನೆರೆಯ ಕೇರಳದಲ್ಲಿ ಇದರ ದಾಯಾದಿಯೊಂದು ಇದೆ. ಉತ್ತರ ಮಲಬಾರಿನ ತೆಯ್ಯಂಗಳಲ್ಲಿ ಕದಿವನೂರು ವೀರನೆಂಬುದು ಹೆಸರಾದುದು. ತೀಯರ ಮನೆಯಲ್ಲಿ ಹುಟ್ಟಿ, ಕೊಡಗಿಗೆ ಹೋಗಿ ನೆಲಸಿ, ಕೊಡವರೊಡನೆ ನಡೆದ ಕಾಳಗದಲ್ಲಿ ಮಡಿದ ಮಂದಪ್ಪನೆಂಬ ವೀರನು ಅಲ್ಲಿ ತೆಯ್ಯವಾಗಿದ್ದಾನೆ. ಅವನ ಕುಣಿತದಲ್ಲಿ ಕಳರಿಯ ಕತ್ತಿವರಸೆಯು ಸ್ಪಷ್ಟವಾಗಿ ಕಾಣುತ್ತದೆ. ಬಿಲ್ಲವರಂತೆ ತೀಯರೂ ತಾಳೆತೆಂಗುಗಳ ಕಳ್ಳಿಳಿಸುವ ಕಸುಬಿಗೂ, ವೈದ್ಯಕ್ಕೂ, ಆಯುಧವಿದ್ಯೆಗೂ ಹೆಸರಾದವರು. ಒಂದೇ ಕರಾವಳಿಯಲ್ಲಿ ಒಂದೇ ಬಗೆಯ ಜನ, ಒಂದೇ ಬಗೆಯ ಸಣ್ಣ ಅರಸರು, ಒಂದೇ ಬಗೆಯ ನೃತ್ಯ.

ಬಂಟ್ವಾಳದ ಸೀಮೆಯಲ್ಲಿ ಹಳೆಯ ಕಾಳಗದ ಇನ್ನೊಂದು ಕುರುಹೂ ಉಂಟು. ಫಲ್ಗುಣಿಯ ದಡದ ಪೊಳಲಿಯಲ್ಲಿ ರಾಜರಾಜೇಶ್ವರಿಯ ಜಾತ್ರೆಯ ಕಾಲಕ್ಕೆ ಐದು ದಿನ ಚೆಂಡಾಟವು ನಡೆಯುವುದು. ಚೆಂಡು ತೊಗಲಿನದು, ಅದನ್ನು ಹೊಲಿಯುವವರು ಮೂಡುಬಿದಿರೆಯ ಕಡೆಯವರು. ಎರಡು ಪಕ್ಷದವರು ಬಯಲಿನಲ್ಲಿ ಅದಕ್ಕಾಗಿ ಸೆಣಸುವರು. ದೇವಿಯು ಚಂಡಮುಂಡರ ತಲೆಗಳನ್ನು ಚೆಂಡಾಡಿದುದರ ನೆನಪು ಇದೆಂದು ಭಕ್ತರ ಹೇಳಿಕೆ. ಬುದ್ಧಿವಂತನ ಮಕ್ಕಳೊಡನೆ ಕೋಟಿ ಚೆನ್ನಯರ ವೈರ ಮೊದಲಾದುದೂ ಚೆಂಡಿನಿಂದಲೇ ಎಂಬುದನ್ನು ನೆನೆದರೆ, ಹುಡುಗರನ್ನು ಪಡೆಗೆ ಸಿದ್ಧಮಾಡುವ ಮೊದಲ ಪಾಠವು ಈ ಆಟವಾಗಿದ್ದಿರಬಹುದೆಂದು ನಮಗೆ ತೋರುತ್ತದೆ.

ಆ ಪಡೆಗಳು ಎಲ್ಲಿ ಹೋದುವು? ಹೈದರನು 1763ರಲ್ಲಿ ಕರಾವಳಿಯನ್ನು ಹಿಡಿದಂದಿನಿಂದ ಸಣ್ಣ ಅರಸರ ಬಲ ಕುಗ್ಗಿತು. ಬೆಳ್ತಂಗಡಿಯ ಬಳಿಯ ಬಂಡೆಯ ಮೇಲೆ ಟಿಪ್ಪುವು 1794ರಲ್ಲಿ ಜಮಾಲಾಬಾದ್ ಕೋಟೆಯನ್ನು ಕಟ್ಟಿಸಿದನು. 1799ರಲ್ಲಿ ಸೀಮೆಯು ಕಂಪೆನಿಯ ಕೈಸೇರಿತು. 1837ರ ಏಪ್ರಿಲಿನಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಬಂಟ್ವಾಳದ ಮಾರ್ಗವಾಗಿ ಬಂದು ಮಂಗಳೂರನ್ನೇ ಹಿಡಿದು, ಬಾವುಟಗುಡ್ಡದಲ್ಲಿ ತನ್ನ ಬಾವುಟವನ್ನು ನೆಟ್ಟು, ಹದಿಮೂರು ದಿನ ನಿಂತಿತು. ಒಕ್ಕಲುಪಡೆಯು ಆಯುಧ ಹಿಡಿದುದು ಅದೇ ಕಡೆಯ ಸಲವೆನ್ನಬೇಕು. ಕಂಪೆನಿಯವರು ನಂದಾವರದ ಲಕ್ಷ್ಮಪ್ಪ ಬಂಗರಸನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. 1878ರ ಆಯುಧ ಕಾಯಿದೆಯು ಉಳಿದುದನ್ನು ಮುಗಿಸಿತು. ಮನೆಯಲ್ಲಿ ಕತ್ತಿಯನ್ನಿಡಲು ಅಂಜುವ ಕಾಲ ಬಂದರೂ ದೈವದ ಭಂಡಾರದಲ್ಲಿ ಸುರಿಯವು ಉಳಿಯಿತು. ಗರಡಿಯಲ್ಲಿ ದೈವಾರಾಧನೆಯು ಅದಕ್ಕೆ ಎಷ್ಟೋ ಮೊದಲೇ ಇದ್ದಿತು. ಕಲಿಕೆಯು ಅಳಿದು ಆರಾಧನೆಯೊಂದೇ ಉಳಿದುದು ಈ ಕಾಲದಲ್ಲಿಯೆಂದು ನಮ್ಮ ಅಭಿಪ್ರಾಯ.

ಹಾಡುಗಳನ್ನು ಬರಹಕ್ಕಿಳಿಸುವ ಕೆಲಸವೂ ಆ ಶತಮಾನದಲ್ಲಿಯೇ ಮೊದಲಾಯಿತು. ಬಾಸೆಲ್ ಮಿಶನಿನ ಮ್ಯಾನರ್ ಪಾದ್ರಿಯು ಮಂಗಳೂರಿನಲ್ಲಿ ‘ಪಾಡ್ದನೊಳು’ ಎಂಬ ಸಂಗ್ರಹವನ್ನು 1886ರಲ್ಲಿ ಅಚ್ಚುಹಾಕಿಸಿದನು. ಬರ್ನೆಲನು ಕೂಡಿಸಿದ ಪಾಡ್ದನಗಳು, ಕೋಟಿ ಚೆನ್ನಯರದೂ ಸೇರಿ, ಅವನು ತೀರಿಕೊಂಡ ಬಳಿಕ 1894ರಿಂದ ಇಂಗ್ಲಿಷ್ ಅನುವಾದದೊಡನೆ ಬೆಳಕು ಕಂಡುವು. ಆದರೆ ಕನ್ನಡಿಗರ ಮನೆಮನೆಗೆ ಈ ವೀರರನ್ನು ಕರೆತಂದವರು ಪಂಜೆ ಮಂಗೇಶರಾಯರು. 1874ರಲ್ಲಿ ಬಂಟ್ವಾಳದಲ್ಲಿಯೇ ಹುಟ್ಟಿದ ಅವರು ‘ಕೋಟಿ ಚೆನ್ನಯ’ವನ್ನು ತಿಳಿಗನ್ನಡದ ಗದ್ಯದಲ್ಲಿ ಬರೆದರು. ತುಳುವರಿಯದ ನಮ್ಮಂಥವರಿಗೆ ಇಂದಿಗೂ ಅದೇ ಹೆಬ್ಬಾಗಿಲು.

ಬಿಲ್ಲವರಿಗೆ ದೊಡ್ಡ ದೇವಾಲಯಗಳ ಒಳಗೆ ಪ್ರವೇಶವಿಲ್ಲದಿದ್ದ ದಿನಗಳಲ್ಲಿ ಗರಡಿಯೊಂದೇ ಅವರು ತಲೆಯೆತ್ತಿ ನಿಲ್ಲಬಹುದಾದ ಅಂಗಳವಾಗಿದ್ದಿತು. 1912ರಲ್ಲಿ ನಾರಾಯಣ ಗುರುಗಳು ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಿಸಿದ ಮೇಲೆ ಆ ಸ್ಥಿತಿ ಬದಲಾಗತೊಡಗಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯು ಗೇಣಿದಾರರನ್ನು ಭೂಮಾಲಿಕರನ್ನಾಗಿ ಮಾಡಿತು. ಕೋಟಿ ಚೆನ್ನಯರು ಬೇಡಿ ಪಡೆಯದ ಗದ್ದೆಯು ಅವರನ್ನು ಪೂಜಿಸುವ ಎಷ್ಟೋ ಕುಟುಂಬಗಳಿಗೆ ದಕ್ಕಿತು. ಮೂಡುಬಿದಿರೆಯಲ್ಲಿ ಈಗ ಕಡಲಕೆರೆಯ ಬಳಿ ನಡೆಯುವ ಕಂಬಳಕ್ಕೆ ‘ಕೋಟಿ ಚೆನ್ನಯ ಜೋಡುಕರೆ’ ಎಂಬ ಹೆಸರು. ಕಂಬಳದ ಗದ್ದೆಯ ಜಗಳದಿಂದ ಊರುಬಿಟ್ಟವರ ಹೆಸರು ಕಂಬಳದ ಕರೆಗೇ ಬಂದುದು ಸಣ್ಣ ಸಂಗತಿಯಲ್ಲ.

ಆದರೆ ವೇಷ ಧರಿಸುವವನ ಸಂಗತಿ ಬೇರೆ. ರಾತ್ರಿಯೆಲ್ಲ ದೈವವಾಗಿ ನಿಂತು ನ್ಯಾಯ ಹೇಳಿದವನು ಬೆಳಗಾದೊಡನೆ ತನ್ನ ಸಮುದಾಯದ ಹಳೆಯ ಜಾಗಕ್ಕೇ ಮರಳಬೇಕಾಗಿದ್ದಿತು. ಆ ಅಂತರವು ಇಂದಿಗೂ ಪೂರ್ಣವಾಗಿ ಅಳಿದಿಲ್ಲ. 2022ರ ಅಕ್ಟೋಬರಿನಲ್ಲಿ, ‘ಕಾಂತಾರ’ವೆಂಬ ಚಲನಚಿತ್ರವು ದೈವಾರಾಧನೆಯನ್ನು ದೇಶಕ್ಕೆಲ್ಲ ತೋರಿಸಿದ ಹೊತ್ತಿನಲ್ಲಿ, ಅರುವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿಯ ಮಾಸಾಶನವನ್ನು ಸರಕಾರವು ಘೋಷಿಸಿತು. ಮೊತ್ತವು ದೊಡ್ಡದಲ್ಲ. ಚಿತ್ರವನ್ನು ಕಂಡ ಉತ್ಸಾಹದಲ್ಲಿ ಕೆಲವರು ಸಂತೋಷಕೂಟಗಳ ವೇದಿಕೆಯ ಮೇಲೆ ದೈವದ ವೇಷವನ್ನು ಹಾಕಿ ಕುಣಿಯತೊಡಗಿದುದನ್ನು ತುಳುವರು ಆಕ್ಷೇಪಿಸಿದರು. ಆಕ್ಷೇಪಣೆ ನ್ಯಾಯವಾದುದೆಂದೇ ನಮ್ಮ ಎಣಿಕೆ. ಎಣ್ಣೆಬೂಳ್ಯವಿಲ್ಲದೆ, ಪಾಡ್ದನವಿಲ್ಲದೆ, ಉತ್ತರ ಹೇಳಬೇಕಾದ ಯಜಮಾನನಿಲ್ಲದೆ ಬರಿಯ ಕುಣಿತವನ್ನು ಎತ್ತಿ ತಂದರೆ ಉಳಿಯುವುದು ಗಗ್ಗರದ ಸದ್ದು ಮಾತ್ರ.

ನೋಡಬೇಕೆನ್ನುವ ಕೇಳುಗರು ದೀಪಾವಳಿಯ ಬಳಿಕ, ಬೇಸಗೆ ಮುಗಿಯುವುದರೊಳಗೆ ಹೋಗಬೇಕು. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಸುಮಾರು ಮೇ 24ಕ್ಕೆ, ಪತ್ತನಾಜೆ. ಅಂದು ಗಗ್ಗರವನ್ನು ಬಿಚ್ಚಿಟ್ಟರೆ ಮಳೆಗಾಲ ಕಳೆಯುವವರೆಗೆ ಸೀಮೆಯಲ್ಲಿ ನೇಮವಿಲ್ಲ. ರಾತ್ರಿಯ ಊಟವನ್ನು ಮುಗಿಸಿ, ಚಪ್ಪಲಿಯನ್ನು ಅಂಗಳದ ಹೊರಗೆ ಬಿಟ್ಟು, ಹಾಡು ಮೊದಲಾಗುವ ಮುಂಚೆ ಒಂದು ಬದಿಯಲ್ಲಿ ಕುಳಿತುಕೊಳ್ಳುವುದು ಮೇಲು. ಕುಣಿತ ಎಷ್ಟೇ ಹಿಡಿಸಿದರೂ ಚಪ್ಪಾಳೆ ತಟ್ಟಬಾರದು. ಅಲ್ಲಿ ಯಾರೂ ತಟ್ಟುವುದಿಲ್ಲ.